ಕಣ್ಣಾರೆ ಕಂಡೆ ಎಂದವರ ನೆನಪನ್ನು ನಂಬಬಹುದೇ?

ಪರ

ನೆನಪು ಕೈಕೊಡುತ್ತದೆ ಎನ್ನುವುದು ಈಗ ಎಲ್ಲರ ಬಾಯಲ್ಲೂ ಇದೆ. ಆದರೆ ಈ ಮಾತಿನಿಂದ ಪೆಟ್ಟು ತಿನ್ನುವವರು ಯಾರು? ಹೆಚ್ಚಾಗಿ ನೊಂದವರೇ. "ನಿನಗೆ ಸರಿಯಾಗಿ ನೆನಪಿಲ್ಲ" ಎಂದುಬಿಟ್ಟರೆ ಅವರ ಬಾಯಿ ಮುಚ್ಚಿಸಿದಂತೆಯೇ ಅಲ್ವಾ?

ಕೆನಡಾದ ಒಂದು ಬೀದಿಯಲ್ಲಿ ಹಾಡಹಗಲೇ ಗುಂಡಿನ ಕಾಳಗ ನಡೆಯಿತು. ಅದನ್ನು ನೋಡಿದ್ದ 13 ಮಂದಿಯನ್ನು ಯೂಯಿಲ್ ಮತ್ತು ಕಟ್‌ಶಾಲ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ಕೈದು ತಿಂಗಳ ಮೇಲೆ ಮಾತಾಡಿಸಿದರು. ಅವರು ಹೇಳಿದ ವಿವರಗಳಲ್ಲಿ ಹೆಚ್ಚಿನವು ಸರಿಯಿದ್ದವು. ಬೇಕಂತಲೇ ದಾರಿ ತಪ್ಪಿಸುವ ಪ್ರಶ್ನೆ ಹಾಕಿದರೂ ಬಹುತೇಕರು ಜಗ್ಗಲಿಲ್ಲ. 1986ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ನನಗೆ ಧೈರ್ಯ ಕೊಡುತ್ತದೆ. ಎದೆ ನಡುಗಿಸಿದ್ದನ್ನು ಮನಸ್ಸು ಸುಮ್ನೆ ಬಿಟ್ಟುಕೊಡುವುದಿಲ್ಲ.

ವಿರೋಧ

ಆ 13 ಮಂದಿ ಹೇಳಿದ್ದನ್ನು ಪೊಲೀಸರು ಆಗಲೇ ಬರೆದುಕೊಂಡಿದ್ದರು ಎಂಬುದನ್ನು ಮರೆಯಬಾರದು. ಬಿಸಿ ಆರುವ ಮೊದಲೇ ಒಮ್ಮೆ ಹೇಳಿದ್ದರಿಂದ ಅವರ ನೆನಪು ಗಟ್ಟಿಯಾಗಿ ನಿಂತಿರಬಹುದು. ಎಲ್ಲರಿಗೂ ಆ ಅವಕಾಶ ಸಿಗುವುದಿಲ್ಲ.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತುಣುಕೊಂದನ್ನು ತೋರಿಸಿದರು. ಕಾರುಗಳು "ಗುದ್ದಿದಾಗ" ಎಷ್ಟು ವೇಗವಿತ್ತು ಎಂದು 50 ಮಂದಿಯನ್ನು ಕೇಳಿದರು. ಇನ್ನು 50 ಮಂದಿಗೆ "ಅಪ್ಪಳಿಸಿದಾಗ" ಎಂದು ಕೇಳಿದರು. ವಾರದ ನಂತರ ಎಲ್ಲರಿಗೂ ಒಂದೇ ಪ್ರಶ್ನೆ: ಒಡೆದ ಗಾಜು ಕಂಡಿತಾ? ಮೊದಲ ಗುಂಪಿನಲ್ಲಿ 7 ಮಂದಿ ಹೌದು ಎಂದರು, ಎರಡನೆಯದರಲ್ಲಿ 16 ಮಂದಿ. ಆ ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ. ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಕೇಳಿದವರ ಒಂದು ಪದ ಅವರ ನೆನಪಿನೊಳಗೆ ಸೇರಿಕೊಂಡಿತ್ತು, ಅಷ್ಟೇ.

1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಸುದ್ದಿ ತಮಗೆ ಹೇಗೆ ತಿಳಿಯಿತು ಎಂದು ಮರುದಿನ ಬೆಳಿಗ್ಗೆಯೇ ಕೆಲವು ವಿದ್ಯಾರ್ಥಿಗಳಿಂದ ಬರೆಸಿ ಇಡಲಾಯಿತು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರೆ, 11 ಮಂದಿ ಮುಖ್ಯ ವಿಷಯಗಳನ್ನೆಲ್ಲ ತಪ್ಪಾಗಿ ಹೇಳಿದರು. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ನನಗೆ ಜಾಸ್ತಿ ಭಯವಾಗುವುದು ಇಲ್ಲೇ. ನೆನಪು ತಪ್ಪಿದರೂ ಅನುಮಾನ ಹುಟ್ಟುವುದಿಲ್ಲ. ಹೇಳುವವರು ತಡವರಿಸದಿದ್ದರೆ ಕೇಳುವವರೂ ನಂಬಿಬಿಡುತ್ತಾರೆ, ಆಮೇಲೆ ತಪ್ಪು ಮಾಡದವರು ಜೈಲು ಸೇರುತ್ತಾರೆ.

ಚಿಕ್ಕವಳಿದ್ದಾಗ ಮೆಟ್ಟಿಲಿನಿಂದ ಬಿದ್ದು ಗದ್ದ ಒಡೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಗಾಯದ ಗುರುತು ಇರುವುದು ಮಾತ್ರ ಅಕ್ಕನ ಗದ್ದದ ಮೇಲೆ. ಇದು ಗೊತ್ತಾದ ಮೇಲೂ ಆ ರಕ್ತದ ರುಚಿ ನನ್ನ ಬಾಯಿಂದ ಹೋಗಿಲ್ಲ.