ಬೆನ್ನಿನ ಆಪರೇಷನ್‌ಗೆ ಮೊದಲು ಈ ಒಂದು ಮಾತು ಕೇಳಿ

ಅಕ್ಕನ ಮಗಳಿಗೆ 14 ವರ್ಷ. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಸ್ಕೋಲಿಯೋಸಿಸ್. ಸ್ಕ್ರೂ, ರಾಡ್ ಹಾಕಿ ನೇರ ಮಾಡಬೇಕು ಅಂದರು. ಮೊದಲು ಹೋದ ಆಸ್ಪತ್ರೆಯ ಎಸ್ಟಿಮೇಟ್‌ನಲ್ಲಿ 'ನ್ಯೂರೋ ಮಾನಿಟರಿಂಗ್' ಅಂತ ಒಂದು ಸಾಲಿತ್ತು. ಏನಿದು ಅಂತ ಬಿಲ್ಲಿಂಗ್‌ನಲ್ಲಿ ಕೇಳಿದರೆ, "ಬೇಡ ಅಂದ್ರೆ ತೆಗೀಬಹುದು ಸರ್, ದುಡ್ಡು ಉಳಿಯುತ್ತೆ" ಅಂದರು. ಭಾವ ಹೂಂ ಅನ್ನೋದರಲ್ಲಿದ್ದರು. ಈಗ ನೆನೆಸಿಕೊಂಡರೂ ಎದೆ ಝಲ್ ಅನ್ನುತ್ತೆ.

ಎರಡನೇ ಆಸ್ಪತ್ರೆಯಲ್ಲಿ ಈ ಮಾನಿಟರಿಂಗ್ ಮಿಷಿನ್ ನೋಡಿಕೊಳ್ಳುವ ಟೆಕ್ನಿಷಿಯನ್ ಅರ್ಧ ಗಂಟೆ ಕೂತು ವಿವರಿಸಿದರು. ಆಪರೇಷನ್ ನಡೆಯುವಾಗಲೇ ಬೆನ್ನುಹುರಿಗೆ ಪೆಟ್ಟಾಗುತ್ತಿದೆಯಾ ಅಂತ ನೋಡುತ್ತಿರುವುದೇ ಇದರ ಕೆಲಸ. ಮಗುವಿಗೆ ಅರಿವಳಿಕೆ ಕೊಟ್ಟ ಮೇಲೆ ನೆತ್ತಿಯ ಎರಡೂ ಬದಿ ಸಣ್ಣ ಸೂಜಿ ಚುಚ್ಚಿ ಕರೆಂಟ್ ಕೊಡುತ್ತಾರೆ. ಅದು ಕೈಕಾಲು ಆಡಿಸುವ ಮೆದುಳಿನ ನರಗಳನ್ನು ಎಬ್ಬಿಸುತ್ತೆ. ಸುದ್ದಿ ಬೆನ್ನುಹುರಿಯಲ್ಲಿ ಇಳಿದು, ಸುಮಾರು 20 ಮಿಲಿಸೆಕೆಂಡ್‌ನಲ್ಲಿ ಕೈಗೆ, 30ರಲ್ಲಿ ಕಾಲಿಗೆ ಮುಟ್ಟುತ್ತೆ. ಸ್ನಾಯು ಅದುರಿದ್ದು ಪರದೆ ಮೇಲೆ ಅಲೆಯಾಗಿ ಕಾಣುತ್ತೆ. ಅಲೆ ಬಂತು ಅಂದರೆ ದಾರಿ ಸರಿಯಿದೆ. ಈ ಪರೀಕ್ಷೆಗೆ ಎಂಇಪಿ ಅನ್ನುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಮೆದುಳಿಗೆ ಒಂದು ಸಲ ಕರೆಂಟ್ ಕೊಟ್ಟರೆ ಬೆನ್ನುಹುರಿಯಲ್ಲಿ ಒಂದಲ್ಲ, ಸಾಲಾಗಿ ಹಲವು ಅಲೆ ಇಳಿಯುತ್ತವೆ. ಪ್ಯಾಟನ್ ಮತ್ತು ಅಮಾಸಿಯನ್ ಎಂಬ ವಿಜ್ಞಾನಿಗಳು 1954ರಲ್ಲೇ ಇದನ್ನು ಪ್ರಾಣಿಗಳಲ್ಲಿ ತೋರಿಸಿದ್ದರು. ಮೊದಲನೆಯದು ಡಿ ಅಲೆ, ಕರೆಂಟ್ ನೇರವಾಗಿ ನರದ ಎಳೆಗೆ ತಾಗಿದ್ದರಿಂದ ಬರುವುದು. ಹಿಂದೆ ಬರುವ ಐ ಅಲೆಗಳು ಮೆದುಳಿನ ಬೇರೆ ಕೋಶಗಳ ಮೂಲಕ ಸುತ್ತಿ ಬರುತ್ತವೆ. ಅರಿವಳಿಕೆಯಲ್ಲಿ ಈ ಐ ಅಲೆಗಳು ಮಂಕಾಗುತ್ತವೆ. ಉಳಿದ ಡಿ ಅಲೆ ಒಂದರಿಂದ ಬೆನ್ನುಹುರಿಯ ಕೋಶ ಎಚ್ಚರಾಗಲ್ಲ. ತೂತು ಬಿದ್ದ ಕೊಡಕ್ಕೆ ಒಂದು ಚೊಂಬು ನೀರು ಹಾಕಿದ ಹಾಗೆ, ಸೋರಿ ಹೋಗುತ್ತೆ. ಅದಕ್ಕೇ ಕರೆಂಟನ್ನು ನಾಲ್ಕೈದು ಸಲ, ಎರಡರಿಂದ ನಾಲ್ಕು ಮಿಲಿಸೆಕೆಂಡ್ ಅಂತರದಲ್ಲಿ ಕೊಡುತ್ತಾರೆ. ಸೋರುವ ಮೊದಲೇ ಮತ್ತೆ ಸುರಿದರೆ ಕೊಡ ತುಂಬಿ ಚೆಲ್ಲುತ್ತೆ, ಕಾಲು ಅದುರುತ್ತೆ!

ಹಿಂದೆ ಇದೆಲ್ಲ ಇರಲಿಲ್ಲ. 1973ರಲ್ಲಿ ಫ್ರಾನ್ಸ್‌ನ ಸ್ಟಾಗ್ನಾರಾ ಮತ್ತವರ ಜೊತೆಯವರು ತಿಳಿಸಿದ ವಿಧಾನ ಅಂದರೆ, ಆಪರೇಷನ್ ಮಧ್ಯೆ ರೋಗಿಯನ್ನು ಎಬ್ಬಿಸಿ ಕಾಲು ಆಡಿಸು ಅನ್ನೋದು. 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್, ತಲೆಬುರುಡೆ ತೆರೆಯದೆ ಹೊರಗಿನಿಂದಲೇ ಕರೆಂಟ್ ಕೊಟ್ಟು ಸ್ನಾಯು ಅದುರಿಸಬಹುದು ಅಂತ ತೋರಿಸಿದರು. ಇವತ್ತಿನ ಮಿಷಿನ್‌ಗೆ ಅದೇ ಬೇರು.

ಒಂದು ಎಚ್ಚರಿಕೆ. ಮಾನಿಟರಿಂಗ್ ಅಂತ ಬರೀ ಸ್ಪರ್ಶದ ನರ ನೋಡಿದರೆ ಸಾಲದು. ಸ್ಪರ್ಶದ ಸುದ್ದಿ ಮೇಲೆ ಹೋಗುವ ದಾರಿ ಬೆನ್ನುಹುರಿಯ ಹಿಂಭಾಗದಲ್ಲಿದೆ, ಕಾಲಾಡಿಸುವ ದಾರಿ ಬೇರೆ. ಅದು ಸರಿಯಿದ್ದು ಇದು ಕೆಡಬಹುದು. ಅದಕ್ಕೇ ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ದೊಡ್ಡ ಆಪರೇಷನ್ ಇದ್ದರೆ, "ಎಂಇಪಿ ನೋಡ್ತೀರಾ ಡಾಕ್ಟ್ರೇ?" ಅಂತ ದಯವಿಟ್ಟು ಕೇಳಿ. ಖರ್ಚು ಉಳಿಸೋಕೆ ಸುಮ್ನೆ ಆ ಸಾಲು ಹೊಡೆದು ಹಾಕಬೇಡಿ.

ನಮ್ಮ ಹುಡುಗಿಗೆ ರಾಡ್ ಬಿಗಿ ಮಾಡುವಾಗ ಎಡಗಾಲಿನ ಅಲೆ ಕುಗ್ಗಿತಂತೆ. ಡಾಕ್ಟರು ತಕ್ಷಣ ಸಡಿಲಿಸಿದರು, ಬಿಪಿ ಏರಿಸಿದರು, ಕಾದರು. ಅಲೆ ವಾಪಸ್ ಬಂತು. ಐಸಿಯುನಲ್ಲಿ ಕಣ್ಣು ಬಿಟ್ಟವಳು, "ಮಾಮ, ನಾಲಿಗೆ ಉರೀತಿದೆ" ಅಂದಳು. ಕರೆಂಟ್ ಕೊಟ್ಟಾಗ ದವಡೆ ಬಿಗಿಯುತ್ತೆ, ಹಲ್ಲಿನ ನಡುವೆ ಬಟ್ಟೆ ಇಟ್ಟಿದ್ದರೂ ಸ್ವಲ್ಪ ತಾಗಿತ್ತು. ಅಕ್ಕ ಹೊದಿಕೆ ಸರಿಸಿದಳು. ಎಡಗಾಲಿನ ಐದೂ ಬೆರಳು ಆಡುತ್ತಿದ್ದವು.