ಸೀರೆಯ ಮೇಲೊಂದು ಕೋಟು

ಬೆಂಗಳೂರಿನ ಚಳಿಯನ್ನು ನಂಬಿ ಬ್ಲೇಜರ್ ಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. 1884ರ ಜನವರಿಯಲ್ಲಿ ಒಮ್ಮೆ 7.8 ಡಿಗ್ರಿಗೆ ಇಳಿದಿತ್ತಂತೆ. ಈಗಿನದು ಬೆಳಿಗ್ಗೆ ಸ್ಕೂಟರ್ ಮೇಲೆ ಗಡಗಡ ನಡುಗಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಫ್ಯಾನ್ ಹಾಕಿಸುವ ಚಳಿ. ಆದರೂ ಡಿಸೆಂಬರ್ ಬಂತೆಂದರೆ ಕಮರ್ಷಿಯಲ್ ಸ್ಟ್ರೀಟಿನ ಗೊಂಬೆಗಳೆಲ್ಲ ದಪ್ಪ ಉಣ್ಣೆಯ ಬ್ಲೇಜರ್ ತೊಟ್ಟು ನಿಲ್ಲುತ್ತವೆ. ಅವಕ್ಕೇನು, ಬೆವರುವ ಚಿಂತೆಯಿಲ್ಲ. ನಮಗಾದರೆ ಅರ್ಧ ಲೈನಿಂಗ್ ಇರುವ ಹತ್ತಿಯದೋ ಕಾರ್ಡುರಾಯ್‌ದೋ ಧಾರಾಳವಾಯಿತು.

ಬಣ್ಣ ಆಮೇಲೆ, ಮೊದಲು ಭುಜ ನೋಡಬೇಕು. ಟೈಲರ್ ತೋಳು ಗಿಡ್ಡ ಮಾಡಿಕೊಡುತ್ತಾರೆ, ಸೊಂಟ ಹಿಡಿದುಕೊಡುತ್ತಾರೆ. ಭುಜ ಎಂದೊಡನೆ "ಅದು ಕಷ್ಟ ಮೇಡಂ, ಪೂರ್ತಿ ಬಿಚ್ಚಬೇಕಾಗುತ್ತೆ" ಎಂದು ಮಡಚಿ ವಾಪಸು ಕೊಡುತ್ತಾರೆ. ಟ್ರಯಲ್ ರೂಮಿನ ಕನ್ನಡಿ ಮುಂದೆ ಕೈ ಇಳಿಬಿಟ್ಟು ನೆಟ್ಟಗೆ ನಿಂತರೆ ಎಲ್ಲ ಕೋಟೂ ಚೆಂದವೇ. ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದ ಹಾಗೆ ಒಂದು ಕೈ ಮೇಲೆತ್ತಿ ನೋಡಿ. ಕೋಟೂ ಜೊತೆಗೇ ಎದ್ದು ಕಿವಿ ಮುಟ್ಟಿದರೆ ಅಲ್ಲೇ ತೂಗುಹಾಕಿ ಬನ್ನಿ.

ಹಿಂಬದಿಯ ಸೀಳಿಗೆ ಇಂಟು ಮಾರ್ಕಿನಂತೆ ಹಾಕಿದ ದಾರವಿರುತ್ತದಲ್ಲ, ಅದು ಮನೆಗೆ ತಂದ ಮೇಲೆ ಕತ್ತರಿಸಲೆಂದೇ ಇರುವುದು. ಮೆಟ್ರೋದಲ್ಲಿ ಅದನ್ನು ಹಾಗೇ ಹೊತ್ತು ನಿಂತವರನ್ನು ಕಂಡಾಗ ಹೇಳೋಣವೆನಿಸುತ್ತದೆ, ಬಾಯಿ ಬಾರದು. ಹೊಲಿದ ಜೇಬಿನ ಕಥೆ ಬೇರೆ. ಬಿಚ್ಚಿದರೆ ಒಳಗೆ ಜೇಬು ಸಿಕ್ಕರೆ ಪುಣ್ಯ. ಹೆಂಗಸರ ಬ್ಲೇಜರಿನಲ್ಲಿ ಬಹಳ ಸಲ ಮುಚ್ಚಳವೊಂದೇ ಇರುತ್ತದೆ, ಮುಚ್ಚುವುದಕ್ಕೆ ಏನೂ ಇರುವುದಿಲ್ಲ! ದುಡ್ಡು ಮಾತ್ರ ಗಂಡಸರ ಕೋಟಿನಷ್ಟೇ.

ಈಗ ಸೀರೆಯ ಮೇಲೂ ಬ್ಲೇಜರ್ ಬಂದಿದೆ. ನನಗಿಷ್ಟವೇ. ಮೈಸೂರು ಸಿಲ್ಕ್ ಆದರೆ ಮೈಗೆ ಅಂಟಿಕೊಂಡು ಕೋಟಿನೊಳಗೆ ಸುಮ್ಮನೆ ಕೂರುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ ಒಳಗೇ ಉಬ್ಬಿ ಜಗಳಕ್ಕೆ ನಿಲ್ಲುತ್ತದೆ. ಇಳಕಲ್ ಉಟ್ಟರೆ ಸೆರಗನ್ನು ಕೋಟಿನ ಹೊರಗೆ ಬಿಡಬೇಕು, ಸೆರಗಿನ ಅಷ್ಟು ಚೆಂದದ ಟೋಪ ತೆನಿ ವಿನ್ಯಾಸವನ್ನು ಯಾರಾದರೂ ಒಳಗೆ ತುರುಕುತ್ತಾರೆಯೇ?

ಇದನ್ನೇ ಹೊಸ ಫ್ಯಾಷನ್ ಅನ್ನುವವರ ಮಾತು ಮಾತ್ರ ನಾನು ಒಪ್ಪಲಾರೆ. ಹಳೇ ಮೈಸೂರಿನ ಮೇಷ್ಟ್ರುಗಳು ಕಚ್ಚೆಪಂಚೆಯ ಮೇಲೆ ಕೋಟು ತೊಟ್ಟೇ ಪಾಠ ಮಾಡಿದವರು. ಕೋರ್ಟಿನಲ್ಲಿ ವಕೀಲೆಯರು ಸೀರೆಯ ಮೇಲೆ ಕರಿಕೋಟು ಹಾಕುತ್ತ ಬಂದು ಎಷ್ಟೋ ಕಾಲವಾಯಿತು. ಅವರೂ ಬೇಡ, ಕಾಫಿ ಕೊಯ್ಲಿನ ಹೊತ್ತಿಗೆ ಚಿಕ್ಕಮಗಳೂರಿನ ಕಡೆ ಹೋಗಿ ನೋಡಿ. ಮಂಜು ಸುರಿಯುವ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸರು ಸೀರೆಯ ಮೇಲೆ ಗಂಡನದೋ ಮಗನದೋ ಹಳೇ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಚಳಿಗೂ ಆಯಿತು, ಕೊಂಬೆ ಪರಚದಂತೆಯೂ ಆಯಿತು. ಭುಜ ಮೊಣಕೈಯವರೆಗೆ ಇಳಿದಿದ್ದರೂ ಅವರಿಗೇನೂ ಅಡ್ಡಿಯಿಲ್ಲ. ಮತ್ತೆ ಆ ಅಂಗಿಗೆ ಎದೆಯ ಮೇಲೊಂದು ನಿಜವಾದ ಜೇಬಿರುತ್ತದೆ, ಅದರಲ್ಲಿ ಎಲೆಅಡಿಕೆ, ಚಿಲ್ಲರೆ, ಮೊಬೈಲು ಎಲ್ಲ ಹಿಡಿಯುತ್ತದೆ.