ಬಚ್ಚಲಿಗೊಂದು ನಾಮಫಲಕ

ನಮ್ಮ ಮನೆಯ ಬಚ್ಚಲಿಗೆ ಈಗ ನಾಮಫಲಕವಿದೆ. ಹಿತ್ತಿಲಿನಲ್ಲಿ, ಮೊದಲು ಬಸಳೆ ಚಪ್ಪರವಿದ್ದ ಜಾಗದಲ್ಲಿ, ಸಿಮೆಂಟಿನ ಎರಡು ಕಾಲುಗಳ ಮೇಲೆ ನಿಂತಿದೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮಾನವ ದಿನಗಳು, ಫಲಾನುಭವಿಯ ಹೆಸರು. ಫಲಾನುಭವಿ ನಾನು. ಹುಟ್ಟಿ ಅರವತ್ತು ವರ್ಷವಾದರೂ ನನ್ನ ಹೆಸರು ಎಲ್ಲಿಯೂ ಇಷ್ಟು ದಪ್ಪ ಅಕ್ಷರಗಳಲ್ಲಿ ಬಂದಿರಲಿಲ್ಲ. ಬಂದಾಗ ಬಚ್ಚಲಿನ ಹಿಂದೆ ಬಂದಿತು. ಕೈಕಾಲು ತೊಳೆಯಲು ಹೋದ ನೆಂಟರು ಅದನ್ನು ಪೂರ್ತಿ ಓದಿಕೊಂಡೇ ಒಳಗೆ ಬರುತ್ತಾರೆ. ಬಚ್ಚಲ ನೀರು ಇಂಗಿಸಲೆಂದು ಸರ್ಕಾರದವರು ತೋಡಿಸಿದ ಗುಂಡಿಗಿಂತ ಫಲಕವೇ ದೊಡ್ಡದು. ನಾಳೆ ಗುಂಡಿ ಹೂತು ಹೋದರೂ ಫಲಕ ಉಳಿಯುತ್ತದೆ. ಕದಂಬರ ಕಾಲದಿಂದಲೂ ನಮ್ಮ ಕಡೆ ಹಾಗೆಯೇ. ಕೆರೆ ಹೋಗುತ್ತದೆ, ಶಾಸನ ನಿಂತಿರುತ್ತದೆ.

ಊರಿನ ಹೆಸರು ಹೇಳುವುದಿಲ್ಲ. ನಾಳೆಯೂ ನಾನು ಅಲ್ಲಿಯೇ ಹಲ್ಲುಜ್ಜಬೇಕು. ಉತ್ತರ ಕನ್ನಡದಲ್ಲಿ, ಗಂಗಾವಳಿ ಹೊಳೆಗೂ ಅಘನಾಶಿನಿಗೂ ನಡುವೆ, ಕಡಲಿನ ಸದ್ದು ಕೇಳುವಷ್ಟು ಹತ್ತಿರದ ಒಂದು ಊರು ಎಂದಿಟ್ಟುಕೊಳ್ಳಿ.

ಶುರುವಾದದ್ದು ಸಮೀಕ್ಷೆಯಿಂದ. ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗನೊಬ್ಬ ಜಗಲಿಯಲ್ಲಿ ಕುಳಿತು, ಕೊಟ್ಟ ಬೆಲ್ಲ–ನೀರು ಕುಡಿದು, ಆಯಿಯನ್ನು, ಅಂದರೆ ನನ್ನ ತಾಯಿಯನ್ನು, ಕೇಳಿದ: ‘ನಿಮ್ಮ ಮನೆಯಲ್ಲಿ ದಿನಕ್ಕೆ ಬೂದು ನೀರು ಎಷ್ಟಾಗುತ್ತದೆ?’ ಆಯಿಗೆ ಎಂಬತ್ತನಾಲ್ಕು, ಕಿವಿ ಸ್ವಲ್ಪ ಮಂದ. ಬೂದಿ ನೀರು ಎಂದು ಕೇಳಿಸಿತು. ‘ಗ್ಯಾಸ್ ಬಂದ ಮೇಲೆ ಬೂದಿ ಎಲ್ಲಿಂದ ತರಲಿ ತಮ್ಮಾ? ಬಚ್ಚಲ ಒಲೆಯ ಬೂದಿ ತೆಂಗಿನ ಬುಡಕ್ಕೇ ಸಾಲುವುದಿಲ್ಲ. ಪಾತ್ರೆ ತಿಕ್ಕಲು ಈಗ ಹಸಿರು ಸಾಬೂನು’ ಎಂದಳು. ಹುಡುಗ ಮೊಬೈಲಿನಲ್ಲಿ ಸೊನ್ನೆ ಒತ್ತಿದ. ಮೊಬೈಲು ಸೊನ್ನೆಯನ್ನು ಒಪ್ಪಲಿಲ್ಲ. ಆಗ ಅವನೇ ಲೆಕ್ಕ ಹಾಕಿದ. ತಲೆಗೆ ದಿನಕ್ಕೆ 55 ಲೀಟರ್. ಇದು 2019ರಲ್ಲಿ ಶುರುವಾದ ಜಲಜೀವನ ಮಿಷನ್ ಕೊಟ್ಟ ಮಾತು. ಮನೆಯಲ್ಲಿ ಐದು ಜನ, 275 ಲೀಟರ್. ಅದರಲ್ಲಿ ಶೇಕಡಾ 70ರಷ್ಟು ಬಚ್ಚಲು ಮತ್ತು ಅಡುಗೆಮನೆಯಿಂದ ಹೊರಗೆ ಹೋಗುತ್ತದೆ ಎಂದು ಹಿಡಿದರೆ 192 ಲೀಟರ್, ಮೇಲೆ ಅರ್ಧ. ಅದು ಏಪ್ರಿಲ್ ತಿಂಗಳು. ಮಿಷನ್ನಿನ ನಲ್ಲಿಯಲ್ಲಿ ಕೊನೆಯ ಹನಿ ಬಿದ್ದು ಹನ್ನೊಂದು ದಿನಗಳಾಗಿದ್ದವು. ಬಾರದ ನೀರಿನಿಂದ ದಿನಕ್ಕೆ 192 ಲೀಟರ್ ಬಚ್ಚಲ ನೀರು ಹುಟ್ಟಿಸುವ ಮಂತ್ರ ಗೋಕರ್ಣದ ಯಾವ ಭಟ್ಟರಿಗೂ ಗೊತ್ತಿರಲಾರದು.

ಬೂದು ಎಂಬ ಬಣ್ಣದ ಬಗ್ಗೆಯೇ ನನಗೆ ತಕರಾರು. ಸರ್ಕಾರಕ್ಕೆ ಮನೆಯಿಂದ ಹೊರಬೀಳುವ ನೀರು ಎರಡೇ ಬಗೆ: ಸ್ನಾನ, ಬಟ್ಟೆ, ಪಾತ್ರೆಯದು ಬೂದು, ಶೌಚಾಲಯದ್ದು ಕಪ್ಪು. ನಮ್ಮ ಅಡುಗೆಮನೆಯಲ್ಲಿ ಇಷ್ಟು ಬಡತನ ಇರಲಿಲ್ಲ. ಅಕ್ಕಿ ತೊಳೆದದ್ದು ಅಕ್ಕಚ್ಚು. ಅದು ಕೊಟ್ಟಿಗೆಯ ಬಾನಿಗೆ. ಅನ್ನ ಬಸಿದದ್ದು ತೆಳಿ. ಅದಕ್ಕೆ ಉಪ್ಪು ಹಾಕಿ ಮಕ್ಕಳು ಕುಡಿಯುತ್ತಿದ್ದವು, ಉಳಿದದ್ದು ನೂಲಿನ ಸೀರೆಗೆ ಗಂಜಿಯಾಗುತ್ತಿತ್ತು. ಅನ್ನದ ಅಗುಳು, ತರಕಾರಿ ಸಿಪ್ಪೆ ಬೆರೆತು ಬಂದದ್ದು ಕಲಗಚ್ಚು. ಎಮ್ಮೆಗೆ ಅದೇ ಪಾಯಸ. ನಮ್ಮ ಎಮ್ಮೆಯೊಂದು ಕಲಗಚ್ಚಿಗೆ ಅಕ್ಕಚ್ಚು ಬೆರೆಸದಿದ್ದರೆ ಬಾನಿಯನ್ನು ಮೂಗಿನಿಂದ ನೂಕಿ ಮಗುಚಿಹಾಕುತ್ತಿತ್ತು. ನೀರಿನ ಗುಣಮಟ್ಟ ಪರೀಕ್ಷಿಸುವುದಕ್ಕೆ ಅಷ್ಟು ಖಡಕ್ಕಾದ ಅಧಿಕಾರಿಯನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮೀಯುವ ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಬಸಳೆಗೆ, ಬಸಳೆ ದಾಟಿ ಕೆಸುವಿಗೆ, ಕೆಸು ದಾಟಿ ಬಾಳೆಗೆ, ಬಾಳೆಗೂ ಹೆಚ್ಚಾದದ್ದು ತೆಂಗಿಗೆ. ತೆಂಗಿನ ಆಚೆ ಒಂದು ಹನಿ ಹೋದದ್ದನ್ನು ಬೇಸಿಗೆಯಲ್ಲಿ ಯಾರೂ ನೋಡಿಲ್ಲ. ಆ ಕೆಸುವಿನ ಸೊಪ್ಪಿನಿಂದ ಕರಕಲಿ, ಪತ್ರೊಡೆ. ಆ ಬಸಳೆಯಿಂದ ನಮ್ಮಲ್ಲಿ ಹುಳಿ. ಬೇಲಿಯಾಚೆಯ ಮನೆಯಲ್ಲಿ ಅದೇ ಬಸಳೆ ಸಿಗಡಿಯನ್ನು ಸೇರುತ್ತಿತ್ತು. ಬಚ್ಚಲ ಬುಡದ ಬಾಳೆಗೊನೆ ಚೌತಿಯ ಫಲಾವಳಿಗೆ ಏರುತ್ತಿತ್ತು. ಮಡಿಯ ವಿಷಯದಲ್ಲಿ ಬಾವಿಯ ಹಗ್ಗವನ್ನೂ ಬಿಡದ ನಮ್ಮ ಅಜ್ಜಿಗೆ ಆ ಗೊನೆಯ ಬಗ್ಗೆ ಅನುಮಾನ ಬರಲಿಲ್ಲ, ಗಣಪನೂ ಮೂಲ ಕೇಳಲಿಲ್ಲ.

ಅದನ್ನು ಸ್ವರ್ಗ ಮಾಡಲು ಹೊರಟಿಲ್ಲ. ಕೆಸುವಿನ ಮಡಿ ಸದಾ ಕೆಸರು, ಸಂಜೆಯಾದರೆ ಸೊಳ್ಳೆ. ಅಂದು ತಲೆಗೆ ಅಂಟುವಾಳ ಮತ್ತು ಸೀಗೆ, ಪಾತ್ರೆಗೆ ಬೂದಿ ಮತ್ತು ಹುಣಸೆ. ಇಂದು ಬಟ್ಟೆ ಒಗೆಯುವ ಯಂತ್ರದಿಂದ ನೊರೆ ಗುಡ್ಡದಂತೆ ಬರುತ್ತದೆ. ಸಾಬೂನು ಪುಡಿಯ ಸೋಡಿಯಂ ಮಣ್ಣಿನಲ್ಲಿ ಕುಳಿತರೆ ಮಣ್ಣು ಗಟ್ಟಿಯಾಗುತ್ತದೆ, ಎಲೆಯ ಅಂಚು ಸುಡುತ್ತದೆ. ನಮ್ಮ ಬಸಳೆಯೂ ಒಂದು ವರ್ಷ ಕಾಮಾಲೆ ಬಂದವರಂತೆ ಹಳದಿಯಾಗಿತ್ತು. ಯಂತ್ರದ ನೀರನ್ನು ಬೇರೆ ಕಡೆ ತಿರುಗಿಸಿ, ಮೀಯುವ ನೀರು ಮಾತ್ರ ಬಿಟ್ಟ ಮೇಲೆ ಚಿಗುರಿತು. ಆ ನೀರನ್ನು ಒಂದು ದಿನಕ್ಕಿಂತ ಹೆಚ್ಚು ತುಂಬಿಸಿಡಬಾರದು, ನಾರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬಾರದು. ಇಷ್ಟೇ ವಿದ್ಯೆ. ಹುಡುಗ ಕೇಳಿದ್ದರೆ ಬೆಲ್ಲ ಕರಗುವುದರೊಳಗೆ ಹೇಳಿ ಮುಗಿಸುತ್ತಿದ್ದೆ. ಅವನ ಮೊಬೈಲಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ಇದ್ದದ್ದು ಗುಂಡಿ. ಬಚ್ಚಲು ಗುಂಡಿ, ಉದ್ಯೋಗ ಖಾತ್ರಿಯಲ್ಲಿ. ಬಯಲುಸೀಮೆಯ ಬೀದಿಗಳಲ್ಲಿ ಬಚ್ಚಲ ನೀರು ಹರಿದು ಕೊಚ್ಚೆಯಾಗುತ್ತಿದ್ದಾಗ ಯಾರೋ ಬುದ್ಧಿವಂತರು ಹೇಳಿದ ಉಪಾಯ ಅದು, ಅಲ್ಲಿಗೆ ಅದು ಸರಿಯೇ. ಗುಂಡಿ ತೋಡು, ಕಲ್ಲು ತುಂಬು, ನೀರು ಇಂಗಲಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ನೂರು ದಿನಗಳ ಅಭಿಯಾನವನ್ನೇ ಹೂಡಿತ್ತು. ದೇಶದ ಹಳ್ಳಿಗಳಲ್ಲಿ 10 ಲಕ್ಷ ಇಂಗುಗುಂಡಿಗಳು. ಅಭಿಯಾನದ ಹೆಸರು ‘ಸುಜಲಾಂ’. ಬಚ್ಚಲ ನೀರಿಗೆ ಈ ಹೆಸರಿಟ್ಟವರ ಮೂಗಿಗೆ ನಮಸ್ಕಾರ. ಇನ್ನು ಆಗಸ್ಟ್ ತಿಂಗಳಿನಲ್ಲಿ ನಮ್ಮ ಕರಾವಳಿಗೆ ‘ನೀರು ಇಂಗಿಸಿ’ ಎನ್ನುವುದೆಂದರೆ, ಹದಿನೆಂಟು ಹೋಳಿಗೆ ಉಂಡು ಎಲೆಯ ಮುಂದೆ ಏಳಲಾರದೆ ಕುಳಿತವನಿಗೆ ಹತ್ತೊಂಬತ್ತನೆಯದನ್ನು ಬಡಿಸಿದಂತೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈನಲ್ಲಿ ನಮ್ಮ ಬಾವಿಯಿಂದ ನೀರೆತ್ತಲು ಹಗ್ಗ ಬೇಡ, ಬಗ್ಗಿ ಕೊಡಪಾನ ಅದ್ದಿದರೆ ಸಾಕು. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಂದೆರಡು ಮೀಟರ್ ಒಣ ಮಣ್ಣು ಇರಬೇಕೆಂದು ಅವರ ಕೈಪಿಡಿಗಳೇ ಹೇಳುತ್ತವೆ. ಒಣ ಮಣ್ಣನ್ನು ಜುಲೈನಲ್ಲಿ ಇಲ್ಲಿ ಯಾರಾದರೂ ತೋರಿಸಿದರೆ ನಾನು ಅದಕ್ಕೆ ಕುಂಕುಮ ಹಚ್ಚಿ ದೇವರ ಮಂಟಪದಲ್ಲಿಡುತ್ತೇನೆ.

ತೋಡಿದರು. ಕಾಲುವೆಯ ದಾರಿಗೆ ಅಡ್ಡ ಬಂತೆಂದು ಬಸಳೆ ಚಪ್ಪರ ಕಿತ್ತರು. ಆಯಿ ಒಳಗಿನಿಂದ ಕೂಗುತ್ತಿದ್ದಳು. ‘ಅಜ್ಜಿ, ನಿಮ್ಮ ಬಚ್ಚಲ ನೀರನ್ನು ನಾವು ವೈಜ್ಞಾನಿಕವಾಗಿ ವಿಲೇವಾರಿ ಮಾಡುತ್ತಿದ್ದೇವೆ’ ಎಂದು ಸಮಾಧಾನ ಹೇಳಿದರು. ಮೂರು ಹಂತದ ಫೋಟೊ ಬೇಕು: ಗುಂಡಿಯ ಮೊದಲು, ಗುಂಡಿ ಆಗುವಾಗ, ಆದ ಮೇಲೆ. ಮೊದಲೆರಡು ಮರುವರ್ಷದ ಮಾರ್ಚ್ ತಿಂಗಳಿನಲ್ಲಿ ಮುಗಿದವು. ಮೂರನೆಯದನ್ನು ತೆಗೆಯಲು ಬಂದದ್ದು ಜುಲೈ ಹತ್ತರ ನಂತರ. ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ನಿಂತಿದ್ದ ಮನುಷ್ಯನನ್ನು ಕಂಡು ನನಗೂ ಅಯ್ಯೋ ಎನಿಸಿತು. ಗುಂಡಿ ಅಂಚಿನವರೆಗೂ ತುಂಬಿತ್ತು. ನೀರು ಒಳಗೆ ಹೋಗುತ್ತಿರಲಿಲ್ಲ, ನೆಲದೊಳಗಿನಿಂದ ಹೊರಗೆ ಬರುತ್ತಿತ್ತು, ಇಂಗುಗುಂಡಿ ಒರತೆಯಾಗಿತ್ತು. ಬಚ್ಚಲಿನಲ್ಲಿ ಆಯಿ ಚೊಂಬು ಸುರಿದುಕೊಂಡಾಗಲೆಲ್ಲ ನೊರೆಯ ಒಂದು ಬಳೆ ಎದ್ದು, ಕಲ್ಲು ಚಪ್ಪಡಿಯ ಸಂದಿಯಿಂದ ಹೊರಟು, ಅಂಗಳದ ಮಳೆನೀರಿನ ಜೊತೆ ಬಾವಿಯ ಕಡೆ ನಡೆಯುತ್ತಿತ್ತು. ನಮ್ಮದು ಚಿರೇಕಲ್ಲಿನ ನೆಲ. ಮೇಲೆ ಹರಿದದ್ದು ಯಾವ ಬಿರುಕಿನಲ್ಲಿ ಇಳಿದು ಯಾರ ಬಾವಿಯಲ್ಲಿ ಏಳುತ್ತದೆಂದು ಹೇಳಲು ಬರುವುದಿಲ್ಲ. ಹಸಿರು ಕಪ್ಪೆಯೊಂದು ಚಪ್ಪಡಿಯ ಮೇಲೆ ಕುಳಿತು ಇಬ್ಬರನ್ನೂ ನೋಡಿ, ಗುಂಡಿಗೆ ಹಾರಿತು. ‘ಇದು ಇಂಗುತ್ತಿದೆಯೇ?’ ಎಂದು ಕೇಳಿದೆ. ಅವರು ಫೋಟೊ ತೆಗೆದು, ಅಕ್ಷಾಂಶ, ರೇಖಾಂಶ ಸರಿಯಾಗಿ ಮೂಡಿದೆಯೇ ನೋಡಿಕೊಂಡು, ‘ಕಪ್ಪೆ ಒಳಗೆ ಹೋಯಿತಲ್ಲ’ ಎಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮನೆಯ ಬಚ್ಚಲಿನ ಮೇಲೆ ಉಪಗ್ರಹದ ಕಣ್ಣಿರುವ ಈ ದೇಶದಲ್ಲಿ ಪೇಟೆಗಳ ಬಚ್ಚಲಿನ ಲೆಕ್ಕವೂ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕ: ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರ್; ನಿಜವಾಗಿ ಶುದ್ಧವಾಗುವುದು 20,236. ಕೊನೆಯ ಎಂಟನ್ನೂ ಬಿಡದೆ ಎಣಿಸಿದ ಕೈಗೆ ಬಳೆ ತೊಡಿಸಬೇಕು. ಉಳಿದ ಐವತ್ತೆರಡು ಸಾವಿರದ ಅಕ್ಷಾಂಶ, ರೇಖಾಂಶ ಎಲ್ಲಿ ಎಂದು ಕೇಳಬಾರದು. ಕಾರವಾರದ ಕಡಲತೀರದಲ್ಲಿ ಸಂಜೆ ತಿರುಗಾಡುವವರಿಗೆ ಪೇಟೆಯ ನಾಲೆ ಎಲ್ಲಿ ಸಮುದ್ರ ಸೇರುತ್ತದೆಂದು ಮೂಗೇ ಹೇಳುತ್ತದೆ. ಅಲ್ಲಿಗೆ ಒಂದು ನಾಮಫಲಕ ಹಾಕಿದರೆ ಫಲಾನುಭವಿಯ ಜಾಗದಲ್ಲಿ ‘ಅರಬ್ಬೀ ಸಮುದ್ರ’ ಎಂದು ಬರೆಯಬಹುದು. ಬೆಂಗಳೂರಿನ ಕೊಳಚೆ 2018ರಿಂದ ಸಂಸ್ಕರಣೆಯಾಗಿ ಕೋಲಾರದ ಕೆರೆಗಳವರೆಗೆ ಪ್ರಯಾಣ ಮಾಡುತ್ತಿದೆ. ಅದು ಎಷ್ಟು ಶುದ್ಧ ಎಂಬ ಜಗಳ ಏನೇ ಇರಲಿ, ಹೋಗಿ ಒಂದು ಕೆರೆಯನ್ನಂತೂ ಮುಟ್ಟುತ್ತದೆ. ನನ್ನ ಬಚ್ಚಲ ನೀರಿಗೆ ಎಂಟು ಹೆಜ್ಜೆ ದೂರದ ಬಸಳೆಯ ಬುಡಕ್ಕೆ ಹೋಗಲು ಅನುಮತಿ ಇಲ್ಲ.

ಶಿರಸಿಯ ನನ್ನ ಭಾವನ ಹೊಸ ಮನೆಯಲ್ಲಿ ಈ ತೊಂದರೆಯೇ ಇಲ್ಲ. ಕಾಂಪೌಂಡಿನೊಳಗೆ ಒಂದು ಅಂಗೈಯಷ್ಟೂ ಮಣ್ಣು ಕಾಣಿಸುವುದಿಲ್ಲ, ಎಲ್ಲ ಕಡೆ ಸಿಮೆಂಟಿನ ಇಟ್ಟಿಗೆ ಹೊಂದಿಸಿದ್ದಾನೆ. ಬಚ್ಚಲ ನೀರು ಕೊಳವೆಯಲ್ಲಿ ಹೋಗಿ ರಸ್ತೆಯ ಗಟಾರದಲ್ಲಿ ಬೀಳುತ್ತದೆ, ಅಲ್ಲಿಂದ ಆಚೆ ಅವನ ಸಂಬಂಧ ಮುಗಿಯಿತು. ಬಸಳೆಯನ್ನು ಸಂತೆಯಿಂದ ತರುತ್ತಾನೆ. ‘ಯಾರದೋ ಮನೆಯ ಬಚ್ಚಲಿನದು’ ಎಂದು ನಾನು ಹೇಳಿದ ದಿನ ಅವನ ಹೆಂಡತಿ ನನಗೆ ಎರಡನೆಯ ಸಲ ಹುಳಿ ಬಡಿಸಲಿಲ್ಲ.

ಮೇ ತಿಂಗಳಿನಲ್ಲಿ ಟ್ಯಾಂಕರ್ ಬರುತ್ತದೆ. ಮೂರು ದಿನಕ್ಕೊಮ್ಮೆ ಎಂದು ಹೇಳಿಕೆ, ಐದು ದಿನಕ್ಕೊಮ್ಮೆ ಬಂದರೆ ಪುಣ್ಯ. ಬೇಲಿಯಾಚೆಯ ಮನೆಯ ಮುದುಕಿ ಬೆಳಗ್ಗೆ ಏಳಕ್ಕೇ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು, ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಅದರ ನೆರಳಿನಲ್ಲಿ ಕುಳಿತುಕೊಳ್ಳುತ್ತಾಳೆ. ಹನ್ನೆರಡಾಗುವಷ್ಟರಲ್ಲಿ ಡ್ರಮ್ಮಿನ ನೆರಳು ಡ್ರಮ್ಮಿನ ಬುಡಕ್ಕೇ ಸೇರಿರುತ್ತದೆ, ಆಕೆ ಅಲ್ಲಿಯೇ ಕುಳಿತಿರುತ್ತಾಳೆ. ಸಿಕ್ಕ ನೀರಿನಲ್ಲಿ ಅಕ್ಕಿ ತೊಳೆದು, ಆ ನೀರಿನಲ್ಲಿ ಬಟ್ಟಲು ತೊಳೆದು, ಅದನ್ನು ಮಲ್ಲಿಗೆಯ ಬುಡಕ್ಕೆ ಹಾಕುತ್ತಾಳೆ. ಈಕೆಯನ್ನೇ ಮುಂದಿನ ಸಾಲಿನಲ್ಲಿ ಕೂರಿಸಿ ಕಳೆದ ವರ್ಷ ನೀರಿನ ಮರುಬಳಕೆಯ ಬಗ್ಗೆ ಎರಡು ತಾಸು ತಿಳಿವಳಿಕೆ ಕೊಟ್ಟರು. ಸಭೆ ಮುಗಿದ ಮೇಲೆ ವೇದಿಕೆಯ ಮೇಲೆ ಅರ್ಧ ಕುಡಿದು ಬಿಟ್ಟ ಬಾಟಲಿಗಳನ್ನು ನಾನು ಎಣಿಸಿದೆ, ಇಪ್ಪತ್ತಮೂರು. ಮುದುಕಿ ಅವನ್ನು ಒಂದೊಂದಾಗಿ ಕೊಡಪಾನಕ್ಕೆ ಸುರಿದುಕೊಂಡು ಹೋದಳು. ನಾಚಿಕೆಯಾಗಬೇಕಿತ್ತು, ಯಾರಿಗೂ ಆಗಲಿಲ್ಲ, ಅಂದು ನನಗೂ ಆಗಲಿಲ್ಲ, ಫೋಟೊ ತೆಗೆಯೋಣವೇ ಎಂದು ಯೋಚಿಸುತ್ತಿದ್ದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹರಿಯುವ ಜಿಲ್ಲೆ ಇದು. ಕಾಳಿ, ಶರಾವತಿಗಳ ನೀರಿನಿಂದ ಎಲ್ಲೆಲ್ಲಿಯೋ ದೀಪ ಉರಿಯುತ್ತದೆ. ನಾಲ್ಕು ತಿಂಗಳು ನೆಲ ಕುಡಿಯಲಾರದಷ್ಟು ಮಳೆ ಬಂದು ಹೋಗುತ್ತದೆ. ಆಮೇಲೆ ಒಬ್ಬ ಹೆಂಗಸು ಡ್ರಮ್ಮಿನ ಪಕ್ಕದಲ್ಲಿ ಕಾಯುತ್ತಾಳೆ, ಆ ಬೇಸಿಗೆಯಲ್ಲೂ ನನ್ನ ಮನೆಯ ಸ್ನಾನದ ನೀರನ್ನು ಗುಂಡಿಗೆ ಹೂಳು ಎನ್ನುತ್ತಾರೆ. ಇದನ್ನು ನಗೆಯಾಗುವಂತೆ ಬರೆಯಲು ಎರಡು ಸಲ ನೋಡಿದೆ, ಆಗಲಿಲ್ಲ.

ಆಯಿ ಮಾತ್ರ ಯಾರಿಗೂ ಹೇಳದೆ ದಾರಿ ಹುಡುಕಿಕೊಂಡಳು. ಕೊಟ್ಟಿಗೆಯ ಅಟ್ಟದಲ್ಲಿ, ಅಡಿಕೆ ಮರ ಸೀಳಿ ತಿರುಳು ಕೆತ್ತಿದ ಹಳೆಯ ದಬ್ಬೆ ಇತ್ತು. ಅದರ ಒಂದು ತುದಿಯನ್ನು ಬಚ್ಚಲ ಕಿಂಡಿಗೆ, ಇನ್ನೊಂದನ್ನು ಬಾಳೆಯ ಬುಡಕ್ಕೆ ಕೊಟ್ಟಿದ್ದಾಳೆ. ನೀರು ಗುಂಡಿಯ ಮೇಲಿನಿಂದಲೇ, ಫಲಕದ ಎರಡು ಕಾಲುಗಳ ನಡುವೆ ಹಾದುಹೋಗುತ್ತದೆ. ಬಸಳೆಯ ಹಂಬು ಆ ಕಾಲುಗಳನ್ನು ಹಿಡಿದು ಮೇಲೇರಿ, ಸದ್ಯಕ್ಕೆ ‘ಅಂದಾಜು ಮೊತ್ತ’ದವರೆಗೆ ಬಂದಿದೆ. ಮಳೆ ಹಿಡಿದರೆ ದಬ್ಬೆ ಅಟ್ಟಕ್ಕೆ ಹೋಗುತ್ತದೆ. ತಪಾಸಣೆಯವರು ಬರುತ್ತಾರೆಂದರೂ ಅಟ್ಟಕ್ಕೆ ಹೋಗುತ್ತದೆ.

ಕಳೆದ ವಾರ ಹೇಳದೆ ಕೇಳದೆ ಬಂದರು. ದಬ್ಬೆ ತೆಗೆಯಲು ಸಮಯ ಸಿಗಲಿಲ್ಲ. ಹೊಸ ಹುಡುಗ, ಹೊಸ ಮೊಬೈಲು. ಬಾಳೆಯನ್ನು ನೋಡಿದ, ಬಸಳೆಯನ್ನು ನೋಡಿದ, ಆಯಿ ಸಿಕ್ಕಿಬಿದ್ದವಳಂತೆ ಸೆರಗು ಹಿಡಿದು ನಿಂತಿದ್ದಳು. ‘ಅಜ್ಜಿ, ಇದು ಚೆನ್ನಾಗಿದೆಯಲ್ಲ! ಮರುಬಳಕೆ ಎಂದು ಬರೆಯುತ್ತೇನೆ. ಬಳಸಿದ ತಂತ್ರಜ್ಞಾನ ಯಾವುದು?’

‘ದಬ್ಬೆ’ ಎಂದಳು ಆಯಿ.

ಹುಡುಗ ಟೈಪ್ ಮಾಡಿದ, ಒಂದು ಕ್ಷಣ ನಿಂತ, ಮತ್ತೆ ತಲೆ ಎತ್ತಿ ಕೇಳಿದ: ‘ಯಾವ ಕಂಪನಿಯದು?’